6 ಅಡಿ ಹಲಗೆ, ಒಂದೇ ಎಂಜಿನ್: ಎರಡು ಸುತ್ತಿಗೇ ಬೇಸರ ಬರದ ಹಾಗೆ ಮಾಡೆಲ್ ರೈಲು ಲೇಔಟ್ ಹೇಗೆ ಹಾಕಬೇಕು?

ಲೂಪ್‌ಲೈನ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲು, ಒಂದು ಸುತ್ತು ಹಳಿ ಹಾಕಿದೆ. ಗಾಡಿ ಓಡಿದ ಮೊದಲ ದಿನ ಮನೆಯವರೆಲ್ಲ ಬಂದು ನೋಡಿದರು. ಮಗಳು ಎರಡು ಸುತ್ತು ನೋಡಿ "ಇನ್ನೇನು ಮಾಡುತ್ತದೆ ಅಪ್ಪಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಸುತ್ತುತ್ತದೆ, ಅಷ್ಟೇ. ಹದಿನೈದು ದಿನಕ್ಕೆ ನನಗೂ ಬೇಸರ ಆಯಿತು.

ಈಗ ಆ ಹಲಗೆ ತೆಗೆದೆ. ಮಾಳಿಗೆ ಕೋಣೆಯಲ್ಲಿ ಒಂದು ಗೋಡೆ ಪೂರ್ತಿ ಖಾಲಿ ಇದೆ. ಅಲ್ಲಿ 6 ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ ಕೂರುತ್ತದೆ. ಎಡಗಡೆ ಕಿಟಕಿ ಕಟ್ಟೆ ಇದೆ, ಅದೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬರುತ್ತದೆ. ನನ್ನ ಹತ್ತಿರ ಇರುವುದು ಒಂದು ಡೀಸೆಲ್ ಎಂಜಿನ್, ನಾಲ್ಕು ಬಾಕ್ಸ್‌ಎನ್ (ಮೇಲೆ ತೆರೆದ ವ್ಯಾಗನ್), ಎರಡು ಬಿಸಿಎನ್ (ಮುಚ್ಚಿದ ವ್ಯಾಗನ್), ಒಂದು ಟ್ಯಾಂಕ್ ವ್ಯಾಗನ್, ಒಂದು ಬ್ರೇಕ್‌ವ್ಯಾನ್ (ಕೊನೆಯಲ್ಲಿರುವ ಗಾರ್ಡ್ ಡಬ್ಬಿ). ಗದಗ–ಹೊಟಗಿ ಲೈನ್ ನೋಡುತ್ತಲೇ ಬೆಳೆದವನು ನಾನು, ಹಾಗಾಗಿ ನಮ್ಮ ಕಡೆಯ ಒಂದು ಚಿಕ್ಕ ಸ್ಟೇಷನ್ ಮಾಡಬೇಕು ಅಂತ ಆಸೆ. ಎಷ್ಟು ಪಾಯಿಂಟ್ (ಒಂದು ಹಳಿ ಎರಡಾಗಿ ಒಡೆಯುವ ತುಂಡು) ತಗೋಬೇಕು, ಎಷ್ಟು ಲೈನ್ ಹಾಕಬೇಕು? ಜಾಗ ಇದ್ದಷ್ಟೂ ಹಳಿ ತುಂಬಿಸಿದರೆ ಆಟ ಜಾಸ್ತಿ ಆಗುತ್ತದಾ? ಈ ಸಲ ತಪ್ಪು ಮಾಡಬಾರದು ಅಂತ ಮೊದಲೇ ಕೇಳುತ್ತಿದ್ದೇನೆ.

ಸ್ಯಾಂಡ್‌ಹಂಪ್, ಬೆಳಗಾವಿ

ಹಳಿ ತುಂಬಿಸಬೇಡಿ. ಇದನ್ನ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ನಾನೂ ನನ್ನ ಗೆಳೆಯರೂ ಎಲ್ಲರೂ ಅಲ್ಲೇ ಎಡವಿದ್ದು. ಹಳಿ ತುಂಬಿದ ಹಲಗೆಯಲ್ಲಿ ವ್ಯಾಗನ್ ನಿಲ್ಲಿಸಲು ಜಾಗ ಇರುತ್ತದೆ, ಅವನ್ನ ಸರಿಸಲು ಇರುವುದಿಲ್ಲ. ಎಷ್ಟು ಲೈನ್ ಅಂತ ಕೇಳುವ ಮೊದಲು ನಿಮ್ಮ ಎಂಜಿನ್ನಿಗೆ ದಿನಾ ಏನು ಕೆಲಸ ಅಂತ ಕೇಳಿಕೊಳ್ಳಿ. ಕೆಲಸ ಗೊತ್ತಾದರೆ ಎಷ್ಟು ಲೈನ್ ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಎರಡೇ ಪಾಯಿಂಟ್‌ನಲ್ಲಿ ವರ್ಷಗಟ್ಟಲೆ ಆಡಬಹುದಾದ ಒಂದು ಪ್ಲ್ಯಾನ್ ಇದೆ. ಇಂಗ್ಲೆಂಡಿನ ಅಲನ್ ರೈಟ್ ಮಾಡಿದ್ದು, ಹೆಸರು ಇಂಗಲ್‌ನುಕ್. ಒಂದು ಶಂಟಿಂಗ್ ನೆಕ್, ಅಂದರೆ ವ್ಯಾಗನ್ ಬಿಡಿಸಿ ಕೂಡಿಸುವಾಗ ಎಂಜಿನ್ ಹಿಂದೆ ಮುಂದೆ ಓಡಾಡುವ ತುಂಡು ಹಳಿ; ಅದರಿಂದ ಒಡೆಯುವ ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಲೈನ್. ಒಂದರಲ್ಲಿ 5 ವ್ಯಾಗನ್ ಹಿಡಿಸಬೇಕು, ಉಳಿದ ಎರಡರಲ್ಲಿ ಮೂರು ಮೂರು. ನೆಕ್‌ನಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್. ಒಟ್ಟು 8 ವ್ಯಾಗನ್. ಚೀಟಿ ಎತ್ತಿ ಐದು ವ್ಯಾಗನ್ ಆರಿಸಬೇಕು, ಚೀಟಿ ಬಂದ ಕ್ರಮದಲ್ಲೇ ಉದ್ದದ ಸೈಡಿಂಗ್‌ನಲ್ಲಿ ಗಾಡಿ ಕಟ್ಟಬೇಕು. 8×7×6×5×4, ಅಂದರೆ 6720 ಬೇರೆ ಬೇರೆ ಗಾಡಿ. ದಿನಕ್ಕೊಂದು ಕಟ್ಟಿದರೂ 18 ವರ್ಷ ಬೇಕು.

ಇದರ ಜೀವ ಇರುವುದು ನೆಕ್‌ನ ಉದ್ದದಲ್ಲಿ. ನೆಕ್‌ನಲ್ಲಿ ಐದೂ ಹಿಡಿಸಿದರೆ ಆಟ ಸತ್ತುಹೋಗುತ್ತದೆ, ಎರಡೇ ಹಿಡಿಸಿದರೆ ಮುಂದೆ ಸಾಗುವುದೇ ಇಲ್ಲ.

ನಿಮ್ಮ 6 ಅಡಿ ಅಂದರೆ 183 ಸೆಂ.ಮೀ. ಲೆಕ್ಕ ಹಾಕೋಣ. ಬಾಕ್ಸ್‌ಎನ್ ಉದ್ದ ನಿಜದಲ್ಲಿ 10.7 ಮೀಟರ್, 87ರಿಂದ ಭಾಗಿಸಿದರೆ 12.3 ಸೆಂ.ಮೀ., ಸಂದು ಸೇರಿಸಿ 13 ಅಂತ ಇಟ್ಟುಕೊಳ್ಳಿ. ಎಂಜಿನ್ 20. ನೆಕ್ 20 ಮತ್ತು ಮೂರು 13, ಅಂದರೆ 59, ಹೇಳೋಣ 60. ಚಿಕ್ಕ ರೇಡಿಯಸ್ ಪಾಯಿಂಟ್ ಒಂದು 18.5. ಪಾಯಿಂಟ್ ದಾಟಿದ ತಕ್ಷಣ ವ್ಯಾಗನ್ ನಿಲ್ಲಿಸಲು ಬರೋದಿಲ್ಲ, ಪಕ್ಕದ ಲೈನಿನ ಗಾಡಿಗೆ ತಾಗುತ್ತದೆ, ಫೌಲಿಂಗ್ ಮಾರ್ಕ್ ತನಕ 10 ಸೆಂ.ಮೀ. ಬಿಡಿ. ಆಮೇಲೆ ಐದು ವ್ಯಾಗನ್‌ಗೆ 65. ಒಟ್ಟು 153.5. ಆರಾಮಾಗಿ ಕೂರುತ್ತದೆ. ಇದನ್ನೇ ಬರೀ ಬಿಸಿಎನ್ ಹಾಕಿ ಲೆಕ್ಕ ಮಾಡಿ, ಅದು 14.45 ಮೀಟರ್, ಎಚ್‌ಒದಲ್ಲಿ 16.6 ಸೆಂ.ಮೀ. ಆಗ ಹಲಗೆ ಎರಡು ಮೂರು ಸೆಂ.ಮೀ. ಸಾಲೋದಿಲ್ಲ. ಯಾವ ವ್ಯಾಗನ್ ಅನ್ನೋದರ ಮೇಲೆ ಇಡೀ ಪ್ಲ್ಯಾನ್ ನಿಂತಿದೆ, ನೋಡಿ.

ಇನ್ನೊಂದು ಮಾತು, ವೇಗ. ನಮ್ಮ ರೈಲ್ವೆಯಲ್ಲಿ ಶಂಟಿಂಗ್ ವೇಗ ಗಂಟೆಗೆ 15 ಕಿ.ಮೀ. ಮೀರಬಾರದು. ಎಚ್‌ಒದಲ್ಲಿ ಅದು ಸೆಕೆಂಡಿಗೆ 4.8 ಸೆಂ.ಮೀ. ಆ ವೇಗದಲ್ಲಿ ನಿಮ್ಮ ಹಲಗೆಯ ಈ ತುದಿಯಿಂದ ಆ ತುದಿಗೆ 38 ಸೆಕೆಂಡು ಹಿಡಿಯುತ್ತದೆ. ಗಡಿಯಾರ ಇಟ್ಟುಕೊಂಡು ಒಂದು ಸಲ ಓಡಿಸಿ ನೋಡಿ. 6 ಅಡಿ ಚಿಕ್ಕದು ಅನ್ನಿಸೋದು ನಾವು ಎಂಜಿನ್ನನ್ನ ಎಕ್ಸ್‌ಪ್ರೆಸ್ ಥರ ಓಡಿಸೋದರಿಂದ.

ಗೋಕಾಕ್ ರೋಡ್ ಎನ್‌ಗೇಜ್

ಎಚ್‌ಒ ಬಿಟ್ಟು ಎನ್ ಅಳತೆಗೆ ಬನ್ನಿ ಅಣ್ಣಾ. 160ರಲ್ಲಿ ಒಂದು ಪಾಲು, ಹಳಿ ಅಗಲ 9 ಮಿ.ಮೀ. ಬಾಕ್ಸ್‌ಎನ್ 7 ಸೆಂ.ಮೀ. ಒಳಗೇ ಬರುತ್ತದೆ, ಅದೇ 6 ಅಡಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಉದ್ದದ ಗಾಡಿ ಕಟ್ಟಬಹುದು. ಇಲ್ಲಾಂದರೆ ಅಮೆರಿಕದ ಜಾನ್ ಅಲೆನ್ 1972ರಲ್ಲಿ ಬರೆದ ಟೈಮ್‌ಸೇವರ್ ಮಾಡಿ. ಐದು ಪಾಯಿಂಟ್, ಮಧ್ಯೆ ಲೂಪ್ (ಮೇನ್ ಲೈನಿನಿಂದ ಒಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಲೈನ್), ಎರಡೂ ಕಡೆ ಸೈಡಿಂಗ್. ಯಾರು ಬೇಗ ಮುಗಿಸುತ್ತಾರೆ ಅಂತ ಪಂದ್ಯ ಇಡಬಹುದು, ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಸ್ಯಾಂಡ್‌ಹಂಪ್, ಬೆಳಗಾವಿ

ಎನ್ ಒಳ್ಳೆಯದೇ, ಆದರೆ ಅವರ ಹತ್ತಿರ ಈಗಾಗಲೇ ಎಚ್‌ಒ ಸಾಮಾನು ಇದೆ. ಅಲ್ಲದೆ ದಿನಾ ಕೈಯಿಂದ ಬಿಚ್ಚಿ ಕೂಡಿಸುವ ಆಟಕ್ಕೆ ವ್ಯಾಗನ್ ಸ್ವಲ್ಪ ದೊಡ್ಡದಿದ್ದರೇ ಅನುಕೂಲ. ಟೈಮ್‌ಸೇವರ್ ಒಗಟು ಚೆನ್ನಾಗಿದೆ, ಆದರೆ ಅಷ್ಟು ಇಕ್ಕಟ್ಟಾಗಿ ಯಾವ ರೈಲ್ವೆಯೂ ಹಳಿ ಹಾಕೋದಿಲ್ಲ. ಒಂದು ತಿಂಗಳು ಆಡಿದ ಮೇಲೆ ಅದು ಒಗಟು ಅಂತಲೇ ಕಾಣುತ್ತದೆ, ಸ್ಟೇಷನ್ ಅಂತ ಕಾಣೋದಿಲ್ಲ.

ಉಗಾರ ಗಾಡಿ, ಬೆಳಗಾವಿ

ಲೂಪ್‌ಲೈನ್ ಅವರೇ, ನಾನು ಟಿಳಕವಾಡಿಯವಳು. ತವರು ಮನೆ ಉಗಾರ ಖುರ್ದ ಹತ್ತಿರ. ಸಕ್ಕರೆ ಫ್ಯಾಕ್ಟರಿ, ಅದರ ಪಕ್ಕದಲ್ಲೇ ಸ್ಟೇಷನ್, ಇದನ್ನೇ ನೋಡಿಕೊಂಡು ಬೆಳೆದವಳು, ಹಾಗಾಗಿ ನನ್ನ ಲೇಔಟೂ ಅದೇ. ಒಂದೇ ಒಂದು ಸಲಹೆ ಕೊಡುತ್ತೇನೆ. ಈಗಲೇ ಏನೂ ಕೊಳ್ಳಬೇಡಿ.

ಸೀಮೆಸುಣ್ಣ ತಗೊಂಡು ನೆಲದ ಮೇಲೆ ಇಂಗಲ್‌ನುಕ್ ಗೆರೆ ಎಳೆಯಿರಿ. ಎಂಟು ಖಾಲಿ ಕಡ್ಡಿಪೆಟ್ಟಿಗೆ ತಗೊಂಡು 1ರಿಂದ 8ರ ತನಕ ನಂಬರ್ ಬರೆಯಿರಿ. ಎಂಜಿನ್‌ಗೆ ಒಂದು ಸೋಪಿನ ಡಬ್ಬಿ. ನಿಯಮ ಇಷ್ಟೇ: ಸೋಪಿನ ಡಬ್ಬಿ ತಾಗಿದ ಪೆಟ್ಟಿಗೆ ಮಾತ್ರ ಚಲಿಸಬೇಕು, ಕೈಯಿಂದ ಎತ್ತಿ ಇಡುವ ಹಾಗಿಲ್ಲ. ನಾನೂ ನನ್ನ ಮಗನೂ ಒಂದು ಮಳೆಗಾಲದ ರಜೆ ಪೂರ್ತಿ ಹೀಗೇ ಆಡಿದ್ದೇವೆ. ಮೂರನೇ ದಿನಕ್ಕೇ ಗೊತ್ತಾಯಿತು, ನಾನು ಕಾಗದದ ಮೇಲೆ ಹಾಕಿದ್ದ ಪ್ಲ್ಯಾನ್‌ನಲ್ಲಿ ಎರಡು ಸೈಡಿಂಗ್ ಬೇಕಾಗೇ ಇಲ್ಲ ಅಂತ. ಅಳಿಸಿದೆ. ಕೊಂಡಿದ್ದರೆ ಎರಡು ಪಾಯಿಂಟಿನ ದುಡ್ಡು ನೀರಲ್ಲಿ ಹೋಮ.

ನೆಲದ ಆಟ ಹಿಡಿಸಿದ ಮೇಲೆ ನಿಜದ ಅಳತೆಗೆ ಬನ್ನಿ. ಹಳೇ ಪೇಪರ್ ಅಂಟಿಸಿ 6 ಅಡಿ ಹಾಳೆ ಮಾಡಿ, ಪಾಯಿಂಟಿನ ಅಚ್ಚು ಕತ್ತರಿಸಿ ಇಟ್ಟು, ನಿಮ್ಮ ವ್ಯಾಗನ್‌ಗಳನ್ನೇ ಮೇಲೆ ನಿಲ್ಲಿಸಿ ನೋಡಿ. ಪೆನ್ಸಿಲ್ ಗೆರೆ ಯಾವಾಗಲೂ ಚೂಪಾಗಿ ತಿರುಗುತ್ತದೆ, ಹಳಿ ತಿರುಗೋದಿಲ್ಲ. ಕಂಪ್ಯೂಟರ್‌ನಲ್ಲಿ ಎಷ್ಟೇ ಚೆಂದ ಬರೆದರೂ ಕೈ ಚಾಚಿದಾಗ ಎಲ್ಲಿಗೆ ಮುಟ್ಟುತ್ತದೆ ಅನ್ನೋದು ಅದರಲ್ಲಿ ಕಾಣೋದಿಲ್ಲ ಅಲ್ವಾ.

ಲೂಪ್‌ಲೈನ್, ವಿಜಯಪುರ

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಸಂಜೆ ಪಡಸಾಲೆಯಲ್ಲಿ ಗೆರೆ ಎಳೆದು ಮಗಳನ್ನ ಕರೆದೆ. ಚೀಟಿಯಲ್ಲಿ 6, 2, 8, 1, 4 ಬಂತು. ನಾನು ಸುಲಭ ಅಂದುಕೊಂಡಿದ್ದೆ. 25 ನಿಮಿಷ ಹಿಡಿಯಿತು.

ಒಂದು ಕ್ಷಣ ಹೇಳಲೇಬೇಕು. 8 ಬೇಕಾಗಿತ್ತು, ಅದು ಚಿಕ್ಕ ಸೈಡಿಂಗ್‌ನ ಕೊನೆಯಲ್ಲಿ ಬಫರ್ ಹತ್ತಿರ ಇತ್ತು, ಅದರ ಮುಂದೆ 3 ಮತ್ತು 7. ನಾನು ಎರಡನ್ನೂ ಎಳೆದು ಇನ್ನೊಂದು ಸೈಡಿಂಗ್‌ಗೆ ಹಾಕಲು ಹೊರಟೆ. ಮಗಳು ನನ್ನ ಕೈ ಹಿಡಿದು, "ಮೂರನ್ನೂ ಒಟ್ಟಿಗೇ ಎಳಿ, ಆಮೇಲೆ ತುದಿಯಲ್ಲಿರೋ 8 ಅನ್ನ ಮಾತ್ರ ಅಲ್ಲಿ ಬಿಡು" ಅಂದಳು. ಸರಿಯೇ. ಎಂಜಿನ್ನಿಂದ ದೂರ ಇರೋದೇ ಮೊದಲು ಬಿಡುಗಡೆ ಆಗೋದು. ಇಷ್ಟು ವರ್ಷ ಪ್ಲ್ಯಾಟ್‌ಫಾರ್ಮ್ ಮೇಲೆ ನಿಂತು ಶಂಟಿಂಗ್ ನೋಡಿದ್ದೇನೆ, ಇದು ಹೊಳೆದಿರಲಿಲ್ಲ. ನೆಕ್‌ನಲ್ಲಿ ಮೂರೇ ಹಿಡಿಸಬೇಕು ಅಂತ ಸರ್ ಯಾಕೆ ಹೇಳಿದರು ಅಂತಲೂ ಆಗಲೇ ಅರ್ಥ ಆಯಿತು. ಊಟಕ್ಕೆ ಕರೆದರೂ ಏಳಲಿಲ್ಲ ನಾವು.

ಆದರೆ ಒಂದು ಪ್ರಶ್ನೆ ಉಳಿದಿದೆ. ಯಾಕೆ 6 ಆದ ಮೇಲೆ 2? ಚೀಟಿ ಹೇಳಿತು ಅಂತ, ಅಷ್ಟೇನಾ? ನಮ್ಮ ಲೈನಿನಲ್ಲಿ ನಾನು ನೋಡೋದು ಪೂರ್ತಿ ರೇಕ್. ಕೂಡಗಿ ಎನ್‌ಟಿಪಿಸಿಗೆ ಹೋಗುವ ಕಲ್ಲಿದ್ದಲು ಗಾಡಿಯಲ್ಲಿ 58–59 ಬಾಕ್ಸ್‌ಎನ್, ಎಲ್ಲಾ ಒಂದೇ ಥರ, ಎಲ್ಲಾ ಒಂದೇ ಕಡೆಗೆ. ಎಚ್‌ಒದಲ್ಲಿ ಆ ಗಾಡಿ 7 ಮೀಟರ್ ಮೀರುತ್ತದೆ, ನಮ್ಮ ಮನೆಯಲ್ಲಿ ಅಷ್ಟು ಉದ್ದದ ಗೋಡೆಯೇ ಇಲ್ಲ. ಅದಿರಲಿ, ಅಂಥ ಗಾಡಿಯನ್ನ ಯಾರೂ ಬಿಡಿಸಿ ಕಟ್ಟೋದಿಲ್ಲ. ಹಾಗಿದ್ದ ಮೇಲೆ ನಮ್ಮ ಕಡೆಯ ಸ್ಟೇಷನ್‌ಗೆ ಈ ಆಟ ಹೊಂದುತ್ತದಾ?

ಪಾಯಿಂಟ್ಸ್‌ಮನ್ ಮಗ, ಬಾಗಲಕೋಟೆ

ತಮ್ಮಾ, ಒಳ್ಳೆ ಪ್ರಶ್ನೆ ಕೇಳಿದಿ. ನಮ್ಮ ಅಪ್ಪ ಈ ಲೈನಿನಲ್ಲಿ ಮೀಟರ್‌ಗೇಜ್ ಇದ್ದಾಗ ಪಾಯಿಂಟ್ಸ್‌ಮನ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಲೈನ್ ಇದು. ನಾನು ಚಿಕ್ಕವನಿದ್ದಾಗ ಗೂಡ್ಸ್ ಗಾಡಿ ಅಂದರೆ ಹತ್ತು ಊರಿನ ಸರಕು ಒಂದೇ ಗಾಡಿಯಲ್ಲಿ. ಪ್ರತಿ ಡಬ್ಬಿಯ ಪಕ್ಕದಲ್ಲಿ ಒಂದು ಚಿಕ್ಕ ಕ್ಲಿಪ್ಪು, ಅದರಲ್ಲಿ ಲೇಬಲ್: ಎಲ್ಲಿಂದ, ಎಲ್ಲಿಗೆ, ಏನು ಮಾಲು. ಅಪ್ಪ ಕಂದೀಲು ಎತ್ತಿ ಅದನ್ನೇ ಓದಿಕೊಂಡು ಹೋಗುತ್ತಿದ್ದರು. ಯಾವ ಡಬ್ಬಿ ಇಲ್ಲಿ ಬಿಡಬೇಕು, ಯಾವುದು ಮುಂದೆ ಹೋಗಬೇಕು ಅನ್ನೋದು ಆ ಲೇಬಲ್ ಮೇಲೆ. ಗೂಡ್ಸ್ ಶೆಡ್‌ನಲ್ಲಿ ಹಮಾಲರು ಕಾಯುತ್ತಾ ಕೂತಿರುತ್ತಿದ್ದರು. ತಪ್ಪು ಡಬ್ಬಿ ಇಟ್ಟರೆ ಅವರ ಬೈಗುಳ ಬೇರೆ.

ಹಾಗಾಗಿ ನಿನ್ನ ಚೀಟಿಗೆ ನಂಬರ್ ಬರೆಯಬೇಡ, ಲೇಬಲ್ ಬರೆ. "ಕಲ್ಲಿದ್ದಲು, ಫ್ಯಾಕ್ಟರಿಗೆ." "ಖಾಲಿ, ವಾಪಸ್." ಆಗ ಯಾಕೆ ಅನ್ನೋದಕ್ಕೆ ಉತ್ತರ ಚೀಟಿಯಲ್ಲೇ ಇರುತ್ತದೆ.

ಈಗಿನ ಪೂರ್ತಿ ರೇಕಿನ ಕಾಲದಲ್ಲಿ ಶಂಟಿಂಗ್ ಇಲ್ಲ ಅಂತ ಮಾತ್ರ ತಿಳಿಯಬೇಡ. ಫ್ಯಾಕ್ಟರಿ ಸೈಡಿಂಗ್ ಹತ್ತಿರ ನಿಂತು ನೋಡು. ಒಳಗಿನ ಲೈನ್ ಚಿಕ್ಕದಿದ್ದರೆ ಪೂರ್ತಿ ರೇಕ್ ಹಿಡಿಸೋದಿಲ್ಲ. ಎರಡು ತುಂಡು ಮಾಡಿ ಒಂದೊಂದೇ ಒಳಗೆ ಇಡುತ್ತಾರೆ. ಟಿಎಕ್ಸ್‌ಆರ್, ಅಂದರೆ ಗಾಡಿ ಪರೀಕ್ಷಕ, ಬಂದು ಪರೀಕ್ಷೆ ಮಾಡುವಾಗ ಒಂದು ವ್ಯಾಗನ್‌ನಲ್ಲಿ ದೋಷ ಕಂಡರೆ ಅದು ಸಿಕ್, ಮಧ್ಯದಿಂದ ಕತ್ತರಿಸಿ ತೆಗೆದು ಬೇರೆ ಲೈನಿಗೆ ಹಾಕಿ ಮತ್ತೆ ರೇಕ್ ಕೂಡಿಸಬೇಕು. ತೂಕದಲ್ಲಿ ಜಾಸ್ತಿ ಬಂದ ವ್ಯಾಗನ್ ವಾಪಸ್ ತಂದು ಮಾಲು ಇಳಿಸಬೇಕು. ಇನ್ನು ಬ್ರೇಕ್‌ವ್ಯಾನ್. ಬರುವಾಗ ಅದು ಹಿಂದೆ ಇರುತ್ತದೆ. ಗಾಡಿ ಬಂದ ದಾರಿಯಲ್ಲೇ ತಿರುಗಿ ಹೋಗಬೇಕಾದರೆ ಎಂಜಿನ್ ಈ ಕಡೆ ಬರಬೇಕು, ಬ್ರೇಕ್‌ವ್ಯಾನ್ ಆ ಕಡೆ ಹೋಗಬೇಕು. ಅದೊಂದಕ್ಕೇ ಎಷ್ಟು ಓಡಾಟ ಆಗುತ್ತದೆ ಅಂತ ನಿನ್ನ ಕಡ್ಡಿಪೆಟ್ಟಿಗೆಯಲ್ಲಿ ಮಾಡಿ ನೋಡು.

ನಮ್ಮ ಬಾಗಲಕೋಟೆ ಕಡೆ ಸುಣ್ಣದ ಕಲ್ಲಿಗೂ ಸಿಮೆಂಟಿಗೂ ಕೊರತೆ ಇಲ್ಲ. ಒಂದು ಸಿಮೆಂಟ್ ಫ್ಯಾಕ್ಟರಿ ಸೈಡಿಂಗ್ ಮಾಡು. ಕಲ್ಲಿದ್ದಲು ಬಾಕ್ಸ್‌ಎನ್‌ನಲ್ಲಿ ಒಳಗೆ ಬರುತ್ತದೆ, ಸಿಮೆಂಟ್ ಚೀಲ ಬಿಸಿಎನ್‌ನಲ್ಲಿ ಹೊರಗೆ ಹೋಗುತ್ತದೆ, ಡೀಸೆಲ್‌ಗೆ ನಿನ್ನ ಟ್ಯಾಂಕ್ ವ್ಯಾಗನ್. ನಿನ್ನ ಹತ್ತಿರ ಇರುವ ಎಂಟೂ ಗಾಡಿಗೆ ಕೆಲಸ ಸಿಕ್ಕಿತು ನೋಡು. ಹತ್ತಿಪ್ಪತ್ತು ವ್ಯಾಗನ್ ಬೇಕಾಗಿಯೇ ಇಲ್ಲ.

ಲೂಪ್‌ಲೈನ್, ವಿಜಯಪುರ

ಕಾಕಾ, ಬ್ರೇಕ್‌ವ್ಯಾನ್ ಮಾತು ಓದಿ ಎದ್ದು ಹೋಗಿ ಕಡ್ಡಿಪೆಟ್ಟಿಗೆ ತಂದೆ. ಇಂಗಲ್‌ನುಕ್‌ನಲ್ಲಿ ಅದು ಆಗೋದೇ ಇಲ್ಲ! ಎಂಜಿನ್ ಯಾವಾಗಲೂ ಒಂದೇ ಕಡೆ ಇರುತ್ತದೆ. ಲೂಪ್ ಬೇಕು.

ಸ್ಯಾಂಡ್‌ಹಂಪ್, ಬೆಳಗಾವಿ

ಹೌದು, ಲೂಪ್ ಬೇಕು. ಕಾಕಾ ಹೇಳಿದ ಕೆಲಸ ಓದಿದ ಮೇಲೆ ನಾನೂ ಇಂಗಲ್‌ನುಕ್ ಬಿಡುತ್ತೇನೆ. ಕೆಲಸ ಬದಲಾಯಿತು, ಹಳಿ ಬದಲಾಗಬೇಕು. ರಾತ್ರಿ ಕೂತು ಲೆಕ್ಕ ಹಾಕಿದ್ದು ಇದು. ನಾಲ್ಕು ಪಾಯಿಂಟ್. ಎಡದಿಂದ ಬಲಕ್ಕೆ ನೋಡುತ್ತಾ ಬನ್ನಿ.

ಎಡ ತುದಿಯಲ್ಲಿ ಮೊದಲನೇ ಪಾಯಿಂಟ್, ಅಲ್ಲಿಂದ ಗೋಡೆ ಕಡೆಗೆ ಒಡೆದು ಬಲಕ್ಕೆ ಹೋಗುವುದು ಕಲ್ಲಿದ್ದಲು ಸೈಡಿಂಗ್. ಎರಡನೇ ಪಾಯಿಂಟ್‌ನಿಂದ ಲೂಪ್ ಶುರು, ಮೂರನೆಯದರಲ್ಲಿ ಮುಗಿಯುತ್ತದೆ, ಮಧ್ಯೆ 60 ಸೆಂ.ಮೀ. ನಾಲ್ಕನೇ ಪಾಯಿಂಟ್‌ನಿಂದ ನಿಮ್ಮ ಕಡೆಗೆ ಒಡೆದು ಎಡಕ್ಕೆ ವಾಪಸ್ ಬರುವುದು ಸಿಮೆಂಟ್ ಸೈಡಿಂಗ್. ಅದರಾಚೆ ಉಳಿದ 46 ಸೆಂ.ಮೀ. ನೆಕ್, ಕೊನೆಗೆ ಸ್ಯಾಂಡ್ ಹಂಪ್, ಅಂದರೆ ಗಾಡಿ ತಡೆಯುವ ಮರಳು ದಿಬ್ಬ. ನಾಲ್ಕು ಪಾಯಿಂಟ್‌ಗೆ 74, ಲೂಪಿಗೆ 60, ನೆಕ್‌ಗೆ 46, ಒಟ್ಟು 180. ಮೂರು ಸೆಂ.ಮೀ. ಉಳಿಯುತ್ತದೆ. ನಾಲ್ಕು ಲೈನ್ 5 ಸೆಂ.ಮೀ. ಅಂತರದಲ್ಲಿ ಹಾಕಿದರೂ ಒಂದೂಕಾಲು ಅಡಿ ಅಗಲದಲ್ಲಿ ಅರ್ಧ ಜಾಗ ಖಾಲಿ. ಆ ಖಾಲಿ ಜಾಗ ಹಾಗೇ ಇರಲಿ. ಜಾಲಿಗಿಡ, ಕೆಂಪು ಮಣ್ಣು, ಒಂದು ಸ್ಟೇಷನ್ ಕಟ್ಟಡ.

ಕಿಟಕಿ ಕಟ್ಟೆ ನಿಮ್ಮ ಭಾಗ್ಯ. ಅದರ ಮೇಲೆ 3 ಅಡಿಯ ಬಿಡಿ ಹಲಗೆ, ಒಂದೇ ನೇರ ಹಳಿ. ಅದೇ ಹೊರಗಿನ ಜಗತ್ತು. ಗಾಡಿ ಅಲ್ಲಿಂದ ಬರುತ್ತದೆ, ಅಲ್ಲಿಗೇ ಹೋಗುತ್ತದೆ. ಹೋದ ಮೇಲೆ ಹಲಗೆ ಎತ್ತಿ ಇನ್ನೊಂದು ಇಟ್ಟರೆ ಬೇರೆ ಗಾಡಿ ಬಂತು.

ಈಗ ಎರಡು ಸೈಡಿಂಗ್ ಯಾಕೆ ವಿರುದ್ಧ ದಿಕ್ಕಿಗೆ ಅಂತ ಹೇಳುತ್ತೇನೆ, ಆಟ ಇರೋದೇ ಅಲ್ಲಿ. ಗಾಡಿ ಎಡದಿಂದ ಬಂದಾಗ ಎಂಜಿನ್ ಬಲಕ್ಕಿರುತ್ತದೆ. ಸಿಮೆಂಟ್ ಸೈಡಿಂಗ್‌ಗೆ ಅದು ಸರಿ, ಬ್ರೇಕ್‌ವ್ಯಾನ್ ಮೇನ್ ಲೈನಿನಲ್ಲೇ ಬಿಟ್ಟು ವ್ಯಾಗನ್ ಮುಂದಕ್ಕೆ ಎಳೆದು ಹಿಂದಕ್ಕೆ ತಳ್ಳಿದರೆ ಆಯಿತು. ಕಲ್ಲಿದ್ದಲು ಸೈಡಿಂಗ್ ಎದುರು ದಿಕ್ಕಿನದು. ಎಂಜಿನ್ ಮುಂದಿಟ್ಟುಕೊಂಡು ಹೋದರೆ ಬಫರ್ ಹತ್ತಿರ ಎಂಜಿನ್ನೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಲೂಪ್ ಸುತ್ತಿ ಎಡಕ್ಕೆ ಬರಬೇಕು. ಬಂದರೆ ಮೊದಲು ಸಿಗೋದು ಬ್ರೇಕ್‌ವ್ಯಾನ್. ಅದನ್ನ ಎಲ್ಲಿ ಇಡೋದು? ಲೂಪಿನಲ್ಲಿ ಇಟ್ಟರೆ ಮತ್ತೆ ಸುತ್ತುವ ದಾರಿ ಮುಚ್ಚಿತು. ಒಂದೇ ದಿಕ್ಕಿಗೆ ಹತ್ತು ಸೈಡಿಂಗ್ ಹಾಕಿದರೂ ಇಷ್ಟು ಯೋಚನೆ ಹುಟ್ಟೋದಿಲ್ಲ.

ಬಿಸಿಎನ್ ಉದ್ದ ಜಾಸ್ತಿ, ನೆಕ್‌ನಲ್ಲಿ ಎಂಜಿನ್ ಜೊತೆ ಒಂದೊಂದೇ ಬರುತ್ತದೆ. ಬಾಕ್ಸ್‌ಎನ್ ಆದರೆ ಎರಡು. ಲೂಪಿನಲ್ಲಿ ಫೌಲಿಂಗ್ ಮಾರ್ಕ್ ಎರಡೂ ಕಡೆ ಬಿಟ್ಟರೆ 40 ಸೆಂ.ಮೀ., ಅಂದರೆ ಮೂರು. ಗಾಡಿ ನಾಲ್ಕರದ್ದು ಮಾಡಿ, ಒಂದು ಹೊರಗೆ ಉಳಿಯುವ ಹಾಗೆ. ಆಗ ಪ್ರತಿ ಸಲ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಪಾಯಿಂಟ್ಸ್‌ಮನ್ ಮಗ, ಬಾಗಲಕೋಟೆ

ಸರ್, ಎಲ್ಲಾ ಒಪ್ಪಿದೆ, ಕೊನೆಯದು ಒಪ್ಪೋದಿಲ್ಲ. ಲೂಪಿಗಿಂತ ಉದ್ದದ ಗಾಡಿಯನ್ನ ಯಾವ ಕಂಟ್ರೋಲರ್ ಕಳಿಸುತ್ತಾನೆ? ಕ್ರಾಸಿಂಗ್ (ಎದುರಿನ ಗಾಡಿ ದಾಟಿ ಹೋಗುವುದು) ಆಗಬೇಕಾದರೆ ಗಾಡಿ ಪೂರ್ತಿ ಲೂಪಿನಲ್ಲಿ ನಿಲ್ಲಬೇಕು, ಹಿಂದಿನ ಡಬ್ಬಿಯೂ ಫೌಲಿಂಗ್ ಮಾರ್ಕ್ ಒಳಗೆ ಇರಬೇಕು. ಲೂಪಿಗೆ ತಕ್ಕ ಗಾಡಿ. ಎರಡು ವ್ಯಾಗನ್, ಒಂದು ಬ್ರೇಕ್‌ವ್ಯಾನ್. ಬೇಕಂತಲೇ ಕಷ್ಟ ಮಾಡಿದರೆ ನೀವೇ ಮೊದಲು ಹೇಳಿದ ಒಗಟು ಆಗುತ್ತದೆ. ಕಷ್ಟ ಕೆಲಸದಿಂದ ಬರಲಿ.

ಸ್ಯಾಂಡ್‌ಹಂಪ್, ಬೆಳಗಾವಿ

ನೀವು ಹೇಳಿದ್ದೇ ಸರಿ. ಎರಡು ವ್ಯಾಗನ್, ಒಂದು ಬ್ರೇಕ್‌ವ್ಯಾನ್. ಮೇಲಿನ ಆ ಸಾಲು ತಿದ್ದಿಕೊಳ್ಳಿ ಲೂಪ್‌ಲೈನ್ ಅವರೇ.

ಪಾಯಿಂಟ್ಸ್‌ಮನ್ ಮಗ, ಬಾಗಲಕೋಟೆ

ಇನ್ನೊಂದು ನೆನಪಾಯಿತು. ನಿನ್ನ ಪ್ಲ್ಯಾನಿನಲ್ಲಿ ಎಂಜಿನ್ ಎಡಕ್ಕೆ ಬಂದಾಗಲೆಲ್ಲ ಕಿಟಕಿ ಕಟ್ಟೆಯ ಹಲಗೆ ಮೇಲೆ ಹೋಗಬೇಕಲ್ಲ? ಅಂದರೆ ಸ್ಟೇಷನ್ ಬಿಟ್ಟು ಬ್ಲಾಕ್ ಸೆಕ್ಷನ್ ಕಡೆಗೆ, ಎರಡು ಸ್ಟೇಷನ್ ನಡುವಿನ ಲೈನಿಗೆ. ಸಿಂಗಲ್ ಲೈನಿನಲ್ಲಿ ಅದಕ್ಕೆ ಸುಮ್ನೆ ಹೋಗುವ ಹಾಗಿಲ್ಲ, ಮೇಲಿಂದ ಅಧಿಕಾರ ಬೇಕು. ನಮ್ಮ ಅಪ್ಪನ ಕಾಲದಲ್ಲಿ ನೀಲ್ಸ್ ಬಾಲ್ ಟೋಕನ್. ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿ ಕೆಂಪು ಪೆಟ್ಟಿಗೆಯಂಥ ಯಂತ್ರ, ಪಕ್ಕದ ಸ್ಟೇಷನ್ ಒಪ್ಪಿದರೆ ಮಾತ್ರ ಅದರಿಂದ ಒಂದು ಉಕ್ಕಿನ ಚೆಂಡು ಹೊರಗೆ ಬರುತ್ತಿತ್ತು. ಆ ಚೆಂಡನ್ನ ಚರ್ಮದ ಚೀಲಕ್ಕೆ ಹಾಕಿ, ಚೀಲಕ್ಕೆ ಬೆತ್ತದ ದೊಡ್ಡ ಬಳೆ ಕಟ್ಟಿ, ಓಡುವ ಎಂಜಿನ್‌ಗೆ ಎತ್ತಿ ಹಿಡಿಯುತ್ತಿದ್ದರು. ಡ್ರೈವರ್ ತೋಳು ತೂರಿಸಿ ತಗೊಳ್ಳುತ್ತಿದ್ದ. ಅಪ್ಪನ ಬಲಗೈ ಮುಂದೋಳಿನ ಮೇಲೆ ಆ ಬಳೆ ಬಡಿದ ಗುರುತು ಕೊನೆ ತನಕ ಇತ್ತು.

ನೀನು ಒಂದು ಗೋಲಿ ಇಟ್ಟುಕೋ. ಮಗಳು ಪಕ್ಕದ ಸ್ಟೇಷನ್ ಮಾಸ್ಟರ್. ಗೋಲಿ ಅವಳ ಬಟ್ಟಲಿನಲ್ಲಿ ಇದ್ದರೆ ನಿನ್ನ ಎಂಜಿನ್ ಮೊದಲನೇ ಪಾಯಿಂಟ್ ದಾಟುವ ಹಾಗಿಲ್ಲ, ಕೇಳಿ ಪಡೆಯಬೇಕು. ಅವಳು ಗಾಡಿ ಕಳಿಸುವಾಗ ಗೋಲಿ ಅವಳ ಹತ್ತಿರ, ಆಗ ನೀನು ಬಲಗಡೆ ಸಿಮೆಂಟ್ ಸೈಡಿಂಗ್ ಕೆಲಸ ಮಾಡಿಕೊಂಡು ಕಾಯಬೇಕು. ಹಳಿ ಒಂದೂ ಜಾಸ್ತಿ ಬೇಡ, ಇಬ್ಬರಿಗೆ ಕೆಲಸ ಆಯಿತು.

ಉಗಾರ ಗಾಡಿ, ಬೆಳಗಾವಿ

ಗೋಲಿ ಮಾತು ಬಹಳ ಇಷ್ಟ ಆಯಿತು ಕಾಕಾ. ನಮ್ಮ ಮನೆಯಲ್ಲೂ ನಾಳೆಯಿಂದಲೇ.

ಕಟ್ಟುವ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ನಾನು ಮೊದಲು ಎಂಡಿಎಫ್ ಹಲಗೆ ಹಾಕಿದ್ದೆ. ಅಂಗಡಿಯವರು ಏನೂ ಆಗೋದಿಲ್ಲ ಅಂದಿದ್ದರು. ಬೆಳಗಾವಿಯ ಜುಲೈ ಮಳೆಗೆ ಅಂಚು ಬಿಸ್ಕೀಟಿನ ಹಾಗೆ ಉಬ್ಬಿತು, ಒಂದು ಪಾಯಿಂಟ್ ಎತ್ತಿಕೊಂಡು ನಿಂತಿತು. ಈಗ 12 ಮಿ.ಮೀ. ಪ್ಲೈವುಡ್, ಮೇಲೆ ಕೆಳಗೆ ಎರಡೂ ಕಡೆ ಬಣ್ಣ. ನಿಮ್ಮ ವಿಜಯಪುರದಲ್ಲಿ ತೊಂದರೆ ತಿರುಗಾ ಮುರುಗಾ. ಮಾಳಿಗೆ ಕೋಣೆ, ಏಪ್ರಿಲ್ ಮೇ ಬಿಸಿಲು, ಮರ ಒಣಗಿ ಕುಗ್ಗುತ್ತದೆ. ಹಳಿ ತಾನಾಗೇ ಅಷ್ಟೇನೂ ಬೆಳೆಯೋದಿಲ್ಲ, 20 ಡಿಗ್ರಿ ಏರಿದರೆ 6 ಅಡಿಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕೆಳಗಿನ ಮರ ಕುಗ್ಗಿದಾಗ ಹಳಿಗೆ ಜಾಗ ಸಾಲದೆ ಡೊಂಕಾಗುತ್ತದೆ. ಅಲ್ಲಲ್ಲಿ ಒಂದು ಕಾಗದದಷ್ಟು ಸಂದು ಬಿಡಿ.

ಮೆಲ್ಲಗೆ ಓಡಿಸಬೇಕು ಅಂದರೆ ಹಳಿ ಚೊಕ್ಕಟ ಇರಬೇಕು. ಸೆಕೆಂಡಿಗೆ 5 ಸೆಂ.ಮೀ. ವೇಗದಲ್ಲಿ ಒಂದು ಧೂಳಿನ ಕಣ ಸಾಕು ಎಂಜಿನ್ ನಿಲ್ಲಲು. ಐಸೋಪ್ರೊಪೈಲ್ ಆಲ್ಕೋಹಾಲ್ ಒರೆಸಿ, ಎಂಜಿನ್ನಿನ ಗಾಲಿಯನ್ನೂ ಒರೆಸಿ. ಆಟ ಮುಗಿದ ಮೇಲೆ ಪ್ಲ್ಯಾಸ್ಟಿಕ್ ಹಾಳೆ ಮುಚ್ಚಿ, ಹಳೇ ಸೀರೆ ಬೇಡ, ಅದರ ಎಳೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಪಾಯಿಂಟ್ ಕೊಳ್ಳುವಾಗ ಫ್ರಾಗ್ (ಪಾಯಿಂಟಿನಲ್ಲಿ ಎರಡು ಹಳಿ ಕೂಡುವ ಜಾಗ) ಲೋಹದ್ದು, ಕರೆಂಟ್ ಹರಿಯುವಂಥದ್ದು ತಗೊಳ್ಳಿ. ಒಂದೇ ಎಂಜಿನ್ ಇರೋದರಿಂದ ಡಿಸಿಸಿ (ಡಿಜಿಟಲ್ ಕಂಟ್ರೋಲ್) ಈಗಲೇ ಬೇಡ, ಸಾದಾ ಡಿಸಿ ಕಂಟ್ರೋಲರ್ ಸಾಕು.

ವ್ಯಾಗನ್ ಬಿಚ್ಚೋದಕ್ಕೆ ನಾನು ಮ್ಯಾಗ್ನೆಟ್ ಎಲ್ಲಾ ಹಾಕಿ ತೆಗೆದೆ. ಈಗ ಊದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರಿನ ಕಡ್ಡಿ. ತುದಿ ಸ್ವಲ್ಪ ಚಪ್ಪಟೆ ಮಾಡಿ, ಎರಡು ಕೊಂಡಿಯ ನಡುವೆ ಮೇಲಿಂದ ಇಳಿಸಿ, ತುಸು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೇಡೀ ಮಾದರಿಯ ಕೊಂಡಿಗೆ ಬಹಳ ಚೆನ್ನಾಗಿ ಆಗುತ್ತದೆ. ಕಾಸಿಲ್ಲದ ಸಾಧನ, ದೇವರ ಮನೆಯಿಂದಲೇ ಬರುತ್ತದೆ.

ಗೋಕಾಕ್ ರೋಡ್ ಎನ್‌ಗೇಜ್

ಸ್ಟೇಷನ್ ಹೆಸರು ಏನು ಅಣ್ಣಾ?

ಲೂಪ್‌ಲೈನ್, ವಿಜಯಪುರ

ಹೆಸರು ನಿನ್ನಿಂದಲೇ ಬಂತು ನೋಡು ತಮ್ಮಾ. ಗೋಕಾಕ್ ರೋಡ್, ಚಿಕ್ಕೋಡಿ ರೋಡ್ ಥರ, ಊರು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ. ನಮ್ಮದು "ಕೆಂಪಗುಡ್ಡ ರೋಡ್". ಊರು ಹಲಗೆಯ ಹೊರಗೆ ಎಲ್ಲೋ ಇದೆ, ಅದನ್ನ ಕಟ್ಟುವ ಕೆಲಸವೂ ಉಳಿಯಿತು.

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹಲಗೆ ಎದ್ದಿದೆ, ನಾಲ್ಕು ಪಾಯಿಂಟ್ ಕೂತಿವೆ, ಗಿಡ ಮಣ್ಣು ಏನೂ ಇಲ್ಲ, ಬರೀ ಪ್ಲೈವುಡ್. ಭಾನುವಾರ ಮೊದಲ ಪಾಳಿ ನಡೆಸಿದೆವು. ಮಗಳು ಕಿಟಕಿ ಹತ್ತಿರ ಸ್ಟೂಲ್ ಹಾಕಿಕೊಂಡು ಗೋಲಿ ಬಟ್ಟಲು ತೊಡೆ ಮೇಲೆ ಇಟ್ಟುಕೊಂಡು ಕೂತಳು. ಲೇಬಲ್ ಎತ್ತಿದೆವು: ಎರಡು ಬಾಕ್ಸ್‌ಎನ್ ಕಲ್ಲಿದ್ದಲು ಒಳಗೆ, ಫ್ಯಾಕ್ಟರಿಯಲ್ಲಿ ನಿಂತಿರುವ ಒಂದು ಖಾಲಿ ಬಾಕ್ಸ್‌ಎನ್ ಮತ್ತು ಒಂದು ಸಿಮೆಂಟ್ ಬಿಸಿಎನ್ ಹೊರಗೆ. ಇವಳೇ ಒಂದು ಚೀಟಿ ಸೇರಿಸಿದ್ದಳು, ಬಂದ ಎರಡರಲ್ಲಿ ಹಿಂದಿನದು ಸಿಕ್.

ಎಂಜಿನ್ ಸುತ್ತಿ ಎಡಕ್ಕೆ ಬಂದು ಬ್ರೇಕ್‌ವ್ಯಾನ್ ಹಿಡಿಯಬೇಕಿತ್ತು. ಗೋಲಿ ಕೇಳಿದೆ. "ಲೈನ್ ಕ್ಲಿಯರ್ ಇಲ್ಲ, ಬಸವ ಎಕ್ಸ್‌ಪ್ರೆಸ್ ಬರುತ್ತಿದೆ" ಅಂದಳು. ನಮ್ಮ ಹತ್ತಿರ ಬೋಗಿ ಒಂದೂ ಇಲ್ಲ. ಆದರೂ ನಾನು ಲೂಪಿನಲ್ಲಿ ಎಂಜಿನ್ ನಿಲ್ಲಿಸಿ ಮೂರು ನಿಮಿಷ ಕಾದೆ. ಅಷ್ಟು ಹೊತ್ತು ಇಬ್ಬರೂ ಖಾಲಿ ಹಳಿಯನ್ನೇ ನೋಡುತ್ತಾ ಕೂತಿದ್ದೆವು. ಆಮೇಲೆ ಗೋಲಿ ಕೊಟ್ಟಳು.

ಪೂರ್ತಿ ಕೆಲಸ 52 ನಿಮಿಷ. ಬ್ರೇಕ್‌ವ್ಯಾನ್‌ಗೇ ಅದರಲ್ಲಿ ಕಾಲು ಭಾಗ ಹೋಗಿರಬೇಕು. ಸಿಕ್ ವ್ಯಾಗನ್ ಸಿಮೆಂಟ್ ಸೈಡಿಂಗ್‌ನ ತುದಿಗೆ ಹೋಯಿತು, ಅದು ಅಲ್ಲಿ ಇರೋದರಿಂದ ಮುಂದಿನ ವಾರ ಬಿಸಿಎನ್ ಇಡಲು ಜಾಗ ಇಲ್ಲ. ಅದನ್ನ ಮೊದಲು ತೆಗೆಯಬೇಕು.

ಸರ್, ಒಂದು ತಪ್ಪು ಕಂಡಿದೆ. ಮೂರನೇ ಪಾಯಿಂಟ್ ಹತ್ತಿರ ಲೂಪಿನಲ್ಲಿ ನಿಂತ ವ್ಯಾಗನ್‌ಗೆ ಮೇನ್ ಲೈನಿನಲ್ಲಿ ಹೋಗುವ ಎಂಜಿನ್ನಿನ ಮೆಟ್ಟಿಲು ಕೂದಲೆಳೆಯಷ್ಟು ತಾಗುತ್ತದೆ. ನಾನು ಫೌಲಿಂಗ್ ಮಾರ್ಕ್ 8 ಸೆಂ.ಮೀ.ಗೆ ಹಾಕಿದ್ದೆ. ಅದನ್ನ 10ಕ್ಕೆ ಸರಿಸಿದರೆ ಲೂಪಿನಲ್ಲಿ ಬಿಸಿಎನ್ ಎರಡು ಮತ್ತು ಬ್ರೇಕ್‌ವ್ಯಾನ್ ಹಿಡಿಸೋದಿಲ್ಲ.

ಸ್ಯಾಂಡ್‌ಹಂಪ್, ಬೆಳಗಾವಿ

ಮಾರ್ಕ್ 10ಕ್ಕೇ ಇರಲಿ, ಅದರಲ್ಲಿ ರಾಜಿ ಬೇಡ. ಸಿಮೆಂಟ್ ಗಾಡಿಗೆ ಒಂದು ಬಿಸಿಎನ್, ಒಂದು ಬಾಕ್ಸ್‌ಎನ್ ಅಂತ ನಿಯಮ ಮಾಡಿ. ಮಾರ್ಕಿನ ಕಲ್ಲಿಗೆ ಬಿಳಿ ಬಣ್ಣ ಹಚ್ಚಿಬಿಡಿ, ಮಗಳಿಗೆ ಕೂತಲ್ಲಿಂದಲೇ ಕಾಣಬೇಕು.